ಅತ್ತಿಗೆ ಮಾಡಿದ ಕುಂಬಳಕರಿ

ಪ್ರೀತಿಯ ಮಗಳೇ,

ನಿನ್ನ ಪತ್ರ ಮೊನ್ನೆ ಬಂತು. ಮೂರು ಸಲ ಓದಿದೆ. ಕೆಲಸದ ವಿಷಯ, ಮನೆ ಬದಲಾಯಿಸೋ ವಿಷಯ ಎಲ್ಲ ತಿಳಿಯಿತು, ಅದಕ್ಕೆಲ್ಲ ಆಮೇಲೆ ಬರೆಯುತ್ತೇನೆ. ಕೊನೆಯಲ್ಲಿ, ಹೆಸರು ಹಾಕುವ ಮುಂಚೆ ಎರಡು ಸಾಲು ಬರೆದಿದ್ದೀಯಲ್ಲ, ಅದು ನನ್ನನ್ನು ರಾತ್ರಿಯೆಲ್ಲ ಮಲಗಲು ಬಿಡಲಿಲ್ಲ. ಈ ಸಲ ಕಾವೇರಿ ಸಂಕ್ರಮಣದ ಹಬ್ಬಕ್ಕೆ ನಿನ್ನ ಅತ್ತಿಗೆ ಕುಂಬಳಕರಿ ಮಾಡುತ್ತಾಳಂತೆ, ಅದನ್ನು ತಿಂದರೆ ತೀರಿಹೋದ ನಿನ್ನವ್ವನ ಕೈರುಚಿ ನಾಲಿಗೆಯಿಂದ ಅಳಿಸಿ ಹೋಗುತ್ತದೆ, ಅದಕ್ಕೇ ಬರುವುದಿಲ್ಲ ಎಂದು.

ಬೇರೆ ಯಾರಾದರೂ ಓದಿದ್ದರೆ ಇದೊಂದು ದೊಡ್ಡ ವಿಷಯವಾ ಎನ್ನುತ್ತಿದ್ದರೇನೋ. ನನಗೆ ಹಾಗೆ ಅನಿಸಲಿಲ್ಲ. ಇದೇ ಭಯವನ್ನು ನಾನು ಇಪ್ಪತ್ತೆರಡು ವರ್ಷ ಒಳಗೇ ಇಟ್ಟುಕೊಂಡಿದ್ದೆ. ನನ್ನ ತಂಗಿಗೂ, ಅಂದರೆ ನಿನ್ನವ್ವನಿಗೂ, ಹೇಳಿರಲಿಲ್ಲ.

ಇಲ್ಲಿ ಕೊಡಗಿನಲ್ಲಿ ಮಳೆ ಹಿಂದೆ ಸರಿದಿದೆ. ಬೆಳಿಗ್ಗೆ ಎಂಟರವರೆಗೂ ಮಂಜು. ಈ ತಿಂಗಳು ಬಂತು ಎಂದರೆ ನನಗೆ ಹೊಟ್ಟೆಗಿಂತ ಮೊದಲು ನೆನಪಿಗೆ ಹಸಿವಾಗುತ್ತದೆ. ಕೈಲ್ ಪೊಳ್ದ್, ನಮ್ಮ ಆಯುಧ ಹಬ್ಬದ ದಿನ, ಅಕ್ಕಿ ತರಿಯ ಕಡಂಬುಟ್ಟು ಉಂಡೆ ಕಟ್ಟುವಾಗ ನಿನ್ನವ್ವನದೇ ನೆನಪು. ನಾವಿಬ್ಬರೂ ಚಿಕ್ಕವರಿದ್ದಾಗ ಬಿಸಿ ತರಿಯ ಹಿಟ್ಟು ಕೈ ಸುಡುತ್ತದೆ ಎಂದು ನಾನು ತಪ್ಪಿಸಿಕೊಳ್ಳುತ್ತಿದ್ದೆ. ಅವಳು ತಣ್ಣೀರಿನಲ್ಲಿ ಕೈ ಅದ್ದಿ ಅದ್ದಿ ಕಟ್ಟುತ್ತಿದ್ದಳು. ಪ್ರತಿ ಉಂಡೆಯ ಮೇಲೂ ಹೆಬ್ಬೆರಳಿನಿಂದ ಒಂದು ಗುಳಿ ಒತ್ತುತ್ತಿದ್ದಳು. ಯಾಕೆ ಎಂದರೆ ಹಂದಿಕರಿಯ ರಸ ನಿಲ್ಲಲಿ ಅಂತ. ಬೆಂದು ಬಂದ ಮೇಲೆ ಆ ಗುಳಿ ಅರ್ಧ ಮುಚ್ಚಿಹೋಗಿರುತ್ತಿತ್ತು, ರಸ ಏನೂ ನಿಲ್ಲುತ್ತಿರಲಿಲ್ಲ. ಆದರೂ ಒತ್ತುತ್ತಿದ್ದಳು. ಪೂರ್ತಿ ಕುಕ್ಕೆ ಕಡಂಬುಟ್ಟಿನಲ್ಲಿ ಅವಳು ಕಟ್ಟಿದ್ದು ಯಾವುದು ಎಂದು ಕಣ್ಣು ಮುಚ್ಚಿ ಮುಟ್ಟಿಯೇ ಹೇಳಬಹುದಿತ್ತು.

ನೋಡು, ಎಲ್ಲಿಗೋ ಹೋದೆ. ನಿನ್ನ ಭಯದ ಮಾತಿಗೆ ಬರುತ್ತೇನೆ.

ನಮ್ಮವ್ವ, ಅಂದರೆ ನಿನ್ನ ಅಜ್ಜಿ, 1996ರ ಮಳೆಗಾಲದಲ್ಲಿ ಕೊನೆಯ ಸಲ ಕಾಚಂಪುಳಿ, ಹಂದಿಕರಿಗೆ ಹಾಕುವ ಕಪ್ಪು ಹುಳಿ, ಕಾಯಿಸಿದಳು. ಹಣ್ಣಾಗಿ ಉದುರಿದ ಪಣಪುಳಿ ಕಾಯಿಯನ್ನು ಕುಕ್ಕೆಯಲ್ಲಿ ಹಾಕಿ, ಅದು ಕೊಳೆತು ತೊಟ್ಟು ತೊಟ್ಟಾಗಿ ಇಳಿದ ರಸವನ್ನು ಮಡಕೆಯಲ್ಲಿ ಕಪ್ಪಾಗುವವರೆಗೆ ಕಾಯಿಸಿ, ಒಂದು ಬಾಟಲಿ ನನ್ನ ಕೈಗೆ ಕೊಟ್ಟಳು. ಆ ವರ್ಷವೇ ಹೋದಳು. ನಾನು ಆಗಲೇ ತವರಿಗೆ ವಾಪಸ್ ಬಂದಾಗಿತ್ತು, ಅದೆಲ್ಲ ನಿನಗೆ ಗೊತ್ತೇ ಇದೆ. ಆ ಬಾಟಲಿಯನ್ನು ನಾನು ಬಟ್ಟೆಯ ಪೆಟ್ಟಿಗೆಯಲ್ಲಿ ಇಟ್ಟೆ. ಕಾಚಂಪುಳಿ ಕೆಡುವುದಿಲ್ಲವಲ್ಲ, ಎಷ್ಟು ವರ್ಷ ಬೇಕಾದರೂ ಇರುತ್ತದೆ. ಒಂದು ಚಮಚವೂ ತೆಗೆಯಲಿಲ್ಲ. ತೆಗೆದರೆ ಅವ್ವ ಅಷ್ಟು ಕಮ್ಮಿ ಆಗುತ್ತಾಳೆ ಎನ್ನಿಸುತ್ತಿತ್ತು.

ಕುಂಬಳಕರಿಯನ್ನು ಹಾಗೆ ಬಾಟಲಿಯಲ್ಲಿ ಇಡಲು ಆಗುವುದಿಲ್ಲ. ಅದಕ್ಕೆ ನಾನು ಮಾಡಿದ್ದು ಏನು ಗೊತ್ತಾ? ನನ್ನ ಅತ್ತಿಗೆ ಮಾಡಿದ ಕುಂಬಳಕರಿಯನ್ನು ತಿನ್ನಲೇ ಇಲ್ಲ. ಪ್ರತಿ ಸಂಕ್ರಮಣಕ್ಕೂ ಒಂದು ನೆಪ. ಹೊಟ್ಟೆ ಸರಿ ಇಲ್ಲ. ಸಿಹಿ ಬೇಡ. ದೋಸೆಗೆ ಚಟ್ನಿ ಸಾಕು. ಒಂದೇ ಅಡುಗೆಮನೆ, ಒಂದೇ ಒಲೆ. ಬೆಳಗಿನ ಜಾವ ಪೂಜೆಗೆ ಕಣಿ ಇಟ್ಟು, ಸೌತೆಕಾಯಿಗೆ ಕೆಂಪು ಬಟ್ಟೆ ಸುತ್ತಿ, ಅವ್ವನ ಪತ್ತಾಕ್ ಸರ ಹಾಕಿ ಇಬ್ಬರೂ ಜೊತೆಗೇ ಅಕ್ಕಿ ಹಾಕಿ ಕೈಮುಗಿಯುತ್ತಿದ್ದೆವು. ಆಮೇಲೆ ತಟ್ಟೆ ಮುಂದೆ ಕೂತಾಗ ನಾನು ಆ ಬಟ್ಟಲನ್ನು ಪಕ್ಕಕ್ಕೆ ಸರಿಸುತ್ತಿದ್ದೆ. ಅವಳು ನೋಡುತ್ತಿದ್ದಳು. ಒಂದು ದಿನವೂ ಏನೂ ಕೇಳಲಿಲ್ಲ. ಕೆಲವು ವರ್ಷದ ಮೇಲೆ ಕುಂಬಳಕರಿ ಮಾಡುವುದನ್ನೇ ಬಿಟ್ಟಳು. ಬೀನ್ಸ್ ಪಲ್ಯ ಮಾಡತೊಡಗಿದಳು. ನನಗೆ ಆಗ ಸಮಾಧಾನವಾಯಿತು. ಆ ಸಮಾಧಾನ ನೆನೆದರೆ ಈಗ ನಾಚಿಕೆಯಾಗುತ್ತದೆ ಮಗಳೇ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು ಕಡೆ ಗುಡ್ಡ ಜಾರಿದಾಗ ನಾವು ಉಟ್ಟ ಬಟ್ಟೆಯಲ್ಲಿ ಹೊರಟಿದ್ದು. ಮನೆ ಹೋಯಿತು, ಪೆಟ್ಟಿಗೆ ಹೋಯಿತು, ಬಾಟಲಿ ಹೋಯಿತು. ಇಪ್ಪತ್ತೆರಡು ವರ್ಷ ಕಾದಿಟ್ಟ ಕಾಚಂಪುಳಿಯ ರುಚಿ ಹೇಗಿತ್ತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಪರಿಹಾರ ಕೇಂದ್ರದಲ್ಲಿದ್ದಾಗಲೇ ಕೈಲ್ ಪೊಳ್ದ್ ಬಂತು, ಹೋಯಿತು. ಎಲ್ಲರೂ ಅನ್ನ ಸಾರು ತಿಂದು ಸುಮ್ನೆ ಕೂತಿದ್ದೆವು.

ಆ ವರ್ಷದ ಸಂಕ್ರಮಣಕ್ಕೆ ಕುಶಾಲನಗರದ ಬಾಡಿಗೆ ಮನೆಯಲ್ಲಿ ಅತ್ತಿಗೆ ಪಕ್ಕದ ಮನೆಯಿಂದ ಕಾವಲಿ ಕೇಳಿ ತಂದಳು. ಎಲ್ಲಿಂದಲೋ ಅರ್ಧ ಕುಂಬಳಕಾಯಿ. ದೋಸೆ, ಕುಂಬಳಕರಿ. ಬಟ್ಟಲು ನನ್ನ ಮುಂದೆ ಇಟ್ಟು ಮುಖ ಆ ಕಡೆ ತಿರುಗಿಸಿಕೊಂಡಳು, ನಾನು ಸರಿಸುವುದನ್ನು ನೋಡಬಾರದು ಎಂದು. ಅವತ್ತು ಸರಿಸಲು ನನ್ನ ಕೈ ಬರಲಿಲ್ಲ. ತಿಂದೆ.

ಬೆಲ್ಲ ಜಾಸ್ತಿಯಾಗಿತ್ತು. ಸಾಸಿವೆ ಸರಿಯಾಗಿ ಹುರಿದಿರಲಿಲ್ಲ, ಹಸಿ ಕಹಿ ಇತ್ತು. ಮೊದಲ ತುತ್ತಿಗೇ ನನ್ನ ನಾಲಿಗೆ ಹೇಳಿತು, ಅವ್ವ ಇಷ್ಟು ಬೆಲ್ಲ ಹಾಕುತ್ತಿರಲಿಲ್ಲ. ಅವ್ವ ಸಾಸಿವೆಯನ್ನು ಇನ್ನೂ ಸ್ವಲ್ಪ ಕಪ್ಪು ಮಾಡುತ್ತಿದ್ದಳು, ಕುಟ್ಟುವಾಗ ತರಿ ತರಿ ಬಿಡುತ್ತಿದ್ದಳು, ಹಲ್ಲಿಗೆ ಸಿಗುತ್ತಿತ್ತು. ಅಷ್ಟು ವರ್ಷ ನನಗೆ ನೆನಪೇ ಇರಲಿಲ್ಲ ಅದು, ಹಲ್ಲಿಗೆ ಸಾಸಿವೆ ಸಿಗುತ್ತಿದ್ದದ್ದು. ತಿನ್ನದೆ ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆನಲ್ಲ, ಆ ವರ್ಷಗಳಲ್ಲಿ ಅವ್ವನ ಕರಿ ನನಗೆ ಬರೀ ಒಂದು ಹೆಸರಾಗಿ ಹೋಗಿತ್ತು. ಅತ್ತಿಗೆಯ ಕರಿಯಲ್ಲಿ ಏನು ಕಮ್ಮಿ ಏನು ಜಾಸ್ತಿ ಎಂದು ನಾಲಿಗೆ ಹುಡುಕಲು ಶುರು ಮಾಡಿದಾಗ ಅವ್ವನದು ವಾಪಸ್ ಬಂತು. ತಟ್ಟೆ ಮುಂದೆ ಅತ್ತುಬಿಟ್ಟೆ. ಅತ್ತಿಗೆಗೆ ನಾನು ಮನೆಗಾಗಿ ಅಳುತ್ತಿದ್ದೇನೆ ಎನ್ನಿಸಿತು. ಬೆನ್ನು ಸವರಿದಳು.

ಅವಳಿಗೆ ಕ್ಷಮೆ ಕೇಳಬೇಕಿತ್ತು. ಇನ್ನೊಂದು ದೋಸೆ ಹಾಕು ಎಂದೆ, ಅಷ್ಟೇ.

ಅಳಿಸಿ ಹೋಗುತ್ತದೆ ಎಂದು ಬರೆದಿದ್ದೀಯ. ನನಗಾದದ್ದನ್ನು ಹೇಳಿದೆ. ನಿನಗೆ ಹಾಗೆಯೇ ಆಗುತ್ತದೆ ಎಂದು ನಾನು ಹೇಗೆ ಹೇಳಲಿ? ನಿನ್ನ ನಾಲಿಗೆ ನಿನ್ನದು. ಆದರೆ ಒಂದು ಮಾತು ನಿನಗೆ ಗೊತ್ತಿರಲಾರದು. ನೀನು ಕಾಪಾಡುತ್ತಿರುವ ನಿನ್ನವ್ವನ ಕುಂಬಳಕರಿ ನಮ್ಮವ್ವನ ಹಾಗೆ ಇರಲೇ ಇಲ್ಲ. ಅವಳು ಜೀರಿಗೆ ಮೆಣಸಿನಕಾಯಿ ಹಾಕುತ್ತಿದ್ದಳು, ನಮ್ಮ ತವರಿನಲ್ಲಿ ಅದು ಇಲ್ಲ. ಮದುವೆಯಾಗಿ ಅಮ್ಮತ್ತಿ ಊರಿಗೆ ಹೋದ ಮೇಲೆ ನಿನ್ನ ಅಪ್ಪನ ಅವ್ವನಿಂದ ಕಲಿತದ್ದು. ಮೊದಲ ಸಲ ಮಾಡಿ ಬಡಿಸಿದಾಗ ನಾನೇ ಮುಖ ಸಿಂಡರಿಸಿದ್ದೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಅಕ್ಕಾ, ಇನ್ನೊಂದು ತುತ್ತು ತಿಂದು ನೋಡು ಎಂದಳು.

ಅವಳಿಂದ ಅಳತೆ ಕೇಳಿ ಬರೆದುಕೊಳ್ಳಲಿಲ್ಲ ನಾನು. ನೀನು ಕೇಳಿದ್ದೀಯ, ನನ್ನ ಹತ್ತಿರ ಇಲ್ಲ. ಸಾಸಿವೆಯ ವಿಷಯ ಮಾತ್ರ ಗೊತ್ತು. ಬಾಣಲೆಯಲ್ಲಿ ಎಣ್ಣೆ ಹಾಕದೆ ಹುರಿಯುತ್ತಾ ಕಿವಿ ಹತ್ತಿರ ತರುತ್ತಿದ್ದಳು. ಮೊದಲ ನಾಲ್ಕೈದು ಕಾಳು ಸಿಡಿದ ತಕ್ಷಣ ಇಳಿಸಿ ತಟ್ಟೆ ಮುಚ್ಚುತ್ತಿದ್ದಳು, ಉಳಿದದ್ದು ಒಳಗೇ ಸಿಡಿಯುತ್ತಿತ್ತು. ಬೆಲ್ಲ ಕೊನೆಗೆ, ಕುಂಬಳಕಾಯಿ ಮೆತ್ತಗಾದ ಮೇಲೆ. ಇಷ್ಟನ್ನು ನಿನ್ನ ಅತ್ತಿಗೆಗೆ ಹೇಳಬಹುದೇನೋ. ಹೇಳುವ ಹಾಗಿದ್ದರೆ ಬಡಿಸುವ ಮುಂಚೆ ಹೇಳು, ತಿಂದಾದ ಮೇಲೆ ಬೇಡ. ಆ ಹುಡುಗಿ ನನಗೂ ಫೋನ್ ಮಾಡಿದ್ದಳು, ಹೇಗೆ ಮಾಡುವುದು ಎಂದು ಕೇಳಲು. ಅವಳ ದನಿಯಲ್ಲಿ ಎಷ್ಟು ಅಂಜಿಕೆ ಇತ್ತು. ನಾನು ನನ್ನ ಅತ್ತಿಗೆಯನ್ನೇ ನೆನೆದೆ.

ನಿನ್ನವ್ವ ಕಾಯಿಸಿದ ಕಾಚಂಪುಳಿ ಬಾಟಲಿ ನಿನ್ನ ಬೆಂಗಳೂರಿನ ಮನೆಯ ಕಪಾಟಿನಲ್ಲಿದೆ ಎಂದೂ ಬರೆದಿದ್ದೀಯ. ಮುಚ್ಚಳ ತೆಗೆದಿಲ್ಲವಂತೆ. ಮಗಳೇ, ಅದನ್ನು ತೆಗೆ. ಇದೊಂದನ್ನು ಮಾತ್ರ ನಾನು ಹೀಗೆ ಮಾಡು ಎಂದು ಹೇಳುತ್ತಿದ್ದೇನೆ, ತಪ್ಪು ತಿಳಿಯಬೇಡ. ಹಂದಿಕರಿ ಮಾಡದಿದ್ದರೂ ಸರಿ. ಬೆರಳಿಗೆ ಒಂದು ತೊಟ್ಟು ಹಾಕಿಕೊಂಡು ನೆಕ್ಕು.

ಬರುವುದಾದರೆ 16ರ ರಾತ್ರಿ ಬಸ್ಸಿಗೆ ಹತ್ತಬೇಕಾಗುತ್ತದೆ. ಬೆಳಿಗ್ಗೆ ಚಳಿ ಇರುತ್ತದೆ, ಸ್ವೆಟರ್ ತಾ. ನಾನೂ ಅಮ್ಮತ್ತಿಗೆ ಬರುತ್ತೇನೆ, ನಿನ್ನ ಪಕ್ಕದಲ್ಲೇ ಕೂತುಕೊಳ್ಳುತ್ತೇನೆ. ತಿನ್ನಲು ಆಗದಿದ್ದರೆ ಆ ಬಟ್ಟಲನ್ನು ನನ್ನ ಕಡೆ ಸರಿಸು, ಯಾರಿಗೂ ಗೊತ್ತಾಗದ ಹಾಗೆ ನಾನು ತಿನ್ನುತ್ತೇನೆ. ಬರಲು ಆಗುವುದೇ ಇಲ್ಲ ಎಂದರೆ ಅದಕ್ಕೂ ನನಗೆ ಕೋಪವಿಲ್ಲ.

ನಮ್ಮ ಹಿತ್ತಲ ಬಳ್ಳಿಯಲ್ಲಿ ಈ ಸಲ ಎರಡೇ ಕುಂಬಳಕಾಯಿ ಬಲಿತವು. ಒಂದನ್ನು ನಿನ್ನೆ ನಿನ್ನ ಅತ್ತಿಗೆಗೆ ಕಳಿಸಿದೆ, ಎರಡು ಹಿಡಿ ಸಾಸಿವೆಯ ಜೊತೆ. ಇನ್ನೊಂದು ಅಟ್ಟದ ಮೇಲಿದೆ. ಪುತ್ತರಿ ಸುಗ್ಗಿಹಬ್ಬದವರೆಗೂ ಕೆಡುವುದಿಲ್ಲ.

ನಿನ್ನ,
ದೊಡ್ಡವ್ವ