ಬೀಮ್ ತೂಕ ಸರಿ, ಗೋಡೆ ತೂಕ ಎಲ್ಲಿ?

ಮಾನ್ಯ ಸಂಪಾದಕರೇ,

ಹೋದ ವಾರ ಧಾರವಾಡದ ಒಬ್ಬರು ದಪ್ಪನೆಯ ಪ್ರಿಂಟ್‌ಔಟ್ ತಂದು ನನ್ನ ಟೇಬಲ್ ಮೇಲೆ ಇಟ್ಟರು. ಅವರು ಕಟ್ಟಿಸುತ್ತಿರುವ ಮನೆಗೆ ಬೇರೆಯವರು ಮಾಡಿದ ಡಿಸೈನ್. ‘ಕಂಪ್ಯೂಟರ್‌ನ್ಯಾಗ ಮಾಡ್ಯಾರ್ರಿ ಮೇಡಂ. ಪಾಯಿಂಟ್ ಮುಂದ ಮೂರು ನಂಬರ್ ಐತಿ. ತಪ್ಪು ಹೆಂಗ ಬರ್ತೈತಿ?’ ಅಂದರು.

2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಅದರ ಕಾರಣದ ಮಾತಿಗೆ ನಾನು ಹೋಗುವುದಿಲ್ಲ. ಆದರೆ ಅಲ್ಲಿಂದೀಚೆಗೆ ನನ್ನ ಹತ್ತಿರ ಬರುವವರು ಡಿಸೈನ್ ರಿಪೋರ್ಟ್ ಕೇಳಿ ಪಡೆಯುತ್ತಾರೆ. ಒಳ್ಳೆಯದೇ. ಅದರಲ್ಲಿ ಏನು ನೋಡಬೇಕು ಅನ್ನೋದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಈ ಪತ್ರ.

ಎಪಿಎಂಸಿಯಲ್ಲಿ ಕಾಟಾ ಮೇಲೆ ಖಾಲಿ ಲಾರಿಯನ್ನೂ ತೂಗುತ್ತಾರಲ್ವಾ, ರಿಪೋರ್ಟಿನಲ್ಲಿ ಬರುವ ಸೆಲ್ಫ್ ವೇಟ್ ಅಂದರೆ ಕಟ್ಟಡಕ್ಕೆ ಅದೇ. ಬೀಮ್, ಕಾಲಂ, ಸ್ಲ್ಯಾಬಿನ ಸ್ವಂತ ತೂಕ. ನಾವು ಕೊಟ್ಟ ಅಳತೆಗೆ ಕಾಂಕ್ರೀಟಿನ ಸಾಂದ್ರತೆ ಗುಣಿಸಿ ಸಾಫ್ಟ್‌ವೇರ್ ಅದನ್ನು ಕ್ಷಣದಲ್ಲಿ ಹೇಳುತ್ತದೆ.

ಎಂಟು ವರ್ಷದ ಹಿಂದೆ ಹಾವೇರಿಯಲ್ಲಿ ಒಂದು ಮನೆಗೆ ಡಿಸೈನ್ ಮಾಡುತ್ತಿದ್ದೆ. ನಾನು ಬಳಸುತ್ತಿದ್ದ ಸಾಫ್ಟ್‌ವೇರ್ ತಾನಾಗಿಯೇ ಹಿಡಿಯುವ ಸಾಂದ್ರತೆ ಘನ ಮೀಟರಿಗೆ 23.56 ಕಿಲೋನ್ಯೂಟನ್ ಅಂತ ಕಣ್ಣಿಗೆ ಬಿತ್ತು (ಒಂದು ಕಿಲೋನ್ಯೂಟನ್ ಅಂದರೆ ಸುಮಾರು ಒಂದು ಕ್ವಿಂಟಲ್ ತೂಕ). ಅದು ಘನ ಅಡಿಗೆ 150 ಪೌಂಡ್ ಅನ್ನುವ ಅಮೆರಿಕದ ಲೆಕ್ಕ. ಕಾಂಕ್ರೀಟ್ ಕೆಲಸಕ್ಕೆ ನಮ್ಮ ದೇಶದ ಮಾನದಂಡವಾದ ಐಎಸ್ 456ರಲ್ಲಿ ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಇರುವುದು 25. ಒಂದಿಡೀ ಸಂಜೆ ಕೂತು ಎಲ್ಲಾ ತಿದ್ದಿದೆ. ಒಂಬತ್ತು ಇಂಚು ಅಗಲ, ಹದಿನೈದು ಇಂಚು ಆಳದ ಬೀಮಿಗೆ ಆದ ವ್ಯತ್ಯಾಸ ಮೀಟರಿಗೆ ಸುಮಾರು 13 ಕೆ.ಜಿ. ನನಗೋ ಭಾರೀ ಹೆಮ್ಮೆ.

ಸೈಟಿನಲ್ಲಿ ಮೇಸ್ತ್ರಿ ಕಬ್ಬಿಣ ಕಟ್ಟಿಸುತ್ತಿದ್ದರು. ಅದೇ ಬೀಮ್ ಹತ್ತಿರ ನಿಂತು, ಹೆಗಲ ಮೇಲಿನ ಟವೆಲ್‌ನಿಂದ ಮುಖ ಒರೆಸಿಕೊಳ್ಳುತ್ತಾ ಕೇಳಿದರು: ‘ಮೇಡಂರೀ, ಇದರ ಮ್ಯಾಲ ದೇವರ ಖೋಲಿ ಗ್ವಾಡಿ ಬರ್ತೈತಿ, ಹಿಡದೀರಿಲ್ಲೋ?’

ಹಿಡಿದಿರಲಿಲ್ಲ. ಆ ಗೋಡೆ ಮೇಲಿನ ಮಹಡಿಯ ನಕ್ಷೆಯಲ್ಲಿ ಮಾತ್ರ ಇತ್ತು. ಕಂಪ್ಯೂಟರಿನ ಮಾಡೆಲಿನಲ್ಲಿ ನಾವು ಗೋಡೆ ಬರೆಯುವುದಿಲ್ಲ, ಅದರ ಭಾರವನ್ನು ಕೈಯಿಂದ ಸೇರಿಸುತ್ತೇವೆ. ಬಿಟ್ಟರೆ ಸಾಫ್ಟ್‌ವೇರ್ ಕೇಳಲ್ಲ. ಅಲ್ಲೇ ಮೊಬೈಲ್ ತೆಗೆದು ಲೆಕ್ಕ ಹಾಕಿದೆ. ಬೀಮಿನ ಸ್ವಂತ ತೂಕ ಮೀಟರಿಗೆ ಎರಡು ಕ್ವಿಂಟಲ್ ಚಿಲ್ಲರೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, 2.6 ಮೀಟರ್ ಎತ್ತರ, ಘನ ಮೀಟರಿಗೆ 20 ಕಿಲೋನ್ಯೂಟನ್ ಹಿಡಿದರೆ ಹನ್ನೆರಡು ಕ್ವಿಂಟಲ್. ಪ್ಲಾಸ್ಟರ್ ಬೇರೆ. ಹದಿಮೂರು ಕೆ.ಜಿ.ಗೆ ಸಂಜೆ ಕಳೆದವಳು ಹನ್ನೆರಡು ಕ್ವಿಂಟಲ್ ಮರೆತಿದ್ದೆ! ಪುಣ್ಯಕ್ಕೆ ಕಾಂಕ್ರೀಟ್ ಹಾಕಿರಲಿಲ್ಲ. ಬೀಮ್ ಆಳ ಮಾಡಿ, ಕಬ್ಬಿಣ ಜಾಸ್ತಿ ಹಾಕಿಸಿದೆ.

ಉಲ್ಟಾ ತಪ್ಪೂ ಆಗುತ್ತದೆ. ಸ್ಲ್ಯಾಬನ್ನೂ ಮಾಡೆಲಿನಲ್ಲಿ ಬರೆದು ಬೀಮಿಗೆ ಪೂರ್ತಿ ಹದಿನೈದು ಇಂಚು ಕೊಟ್ಟರೆ, ಮೇಲಿನ ಐದು ಇಂಚು ಸ್ಲ್ಯಾಬಿನದೇ ಆದ್ದರಿಂದ ಅಷ್ಟು ಕಾಂಕ್ರೀಟ್ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಬೀಮ್ ಮತ್ತು ಕಾಲಂ ಸೇರುವ ಕಡೆಯೂ ಹೀಗೇ. ಇದರಿಂದ ಮನೆ ಬೀಳಲ್ಲ, ಜೇಬಿಗೆ ಸ್ವಲ್ಪ ಭಾರ ಅಷ್ಟೆ. ಇದರ ಬಗ್ಗೆ ನಮ್ಮ ಹುಡುಗರು ಗಂಟೆಗಟ್ಟಲೆ ವಾದ ಮಾಡುತ್ತಾರೆ. ಮಾಡಲಿ. ಆದರೆ ಮೊದಲು ಗೋಡೆ ಎಣಿಸಲಿ.

ನಕ್ಷೆ ಮಂಜೂರಿಗೆ ಬಂದಾಗ ಪ್ರಿಂಟ್‌ಔಟ್ ಜೊತೆ ಕೈಲೆಕ್ಕದ ಒಂದು ಪುಟವನ್ನೂ ಕೇಳಿ ಅಂತ ಪಾಲಿಕೆ, ನಗರಸಭೆಗಳಿಗೆ ನನ್ನ ಕೋರಿಕೆ. ಯಾವ ಬೀಮ್ ಮೇಲೆ ಯಾವ ಗೋಡೆ, ಪ್ಯಾರಾಪೆಟ್ ಎಷ್ಟು, ನೆಲದ ಹಾಸು ಎಷ್ಟು, ಎಲ್ಲಾ ಸೇರಿ ಪಾಯಕ್ಕೆ ಬರುವ ತೂಕ ಎಷ್ಟು. ಅದು ಸಾಫ್ಟ್‌ವೇರ್ ಕೊಟ್ಟ ಮೊತ್ತಕ್ಕೆ ಹತ್ತಿರ ಇರಬೇಕು. ಮನೆ ಕಟ್ಟಿಸುವವರೂ ಸಂಕೋಚ ಬಿಟ್ಟು ಕೇಳಿ.

ಅಂದಹಾಗೆ, ಹೋದ ವಾರದ ಆ ಪ್ರಿಂಟ್‌ಔಟ್‌ನಲ್ಲಿ ಗೋಡೆಗಳೆಲ್ಲ ಇದ್ದವು. ಟೆರೇಸಿನ ನೀರಿನ ಟ್ಯಾಂಕ್ ಇರಲಿಲ್ಲ. ಅವರ ಬಡಾವಣೆಗೆ ದಿನಾ ನಲ್ಲಿ ನೀರು ಬರಲ್ಲ, ಹಾಗಾಗಿ 2,000 ಲೀಟರಿನದೇ ಬೇಕಂತೆ. ಅಂದರೆ ನೀರೇ ಎರಡು ಟನ್. ಎಲ್ಲಿ ಕೂರಿಸುತ್ತೀರಿ ಅಂತ ಕೇಳಿದೆ. ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲವಂತೆ.

ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್,
ವಿದ್ಯಾನಗರ, ಹುಬ್ಬಳ್ಳಿ