ಅಧಿಕಾರಿಗಳ ಮನೆಯ ಕಾಗದಗಳನ್ನು ಗುಜರಿಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ಯುದ್ಧ ಪರಿಹಾರದ, ಅಂದರೆ ಯುದ್ಧದಲ್ಲಾದ ನಷ್ಟಕ್ಕೆ ಒಂದು ದೇಶ ಇನ್ನೊಂದಕ್ಕೆ ಕಟ್ಟಿಕೊಡಬೇಕಾದ ಹಣದ, ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ, ಉಕ್ರೇನ್ ಮಾತು ಬಂದಾಗಲಂತೂ ಇನ್ನೂ ಜಾಸ್ತಿ. ಯಾರು ಕೊಡಬೇಕು, ಎಷ್ಟು ಕೊಡಬೇಕು, ಚರ್ಚೆ ಇಷ್ಟಕ್ಕೇ ನಿಲ್ಲುತ್ತದೆ. ಈ ಲೆಕ್ಕ ಹಾಕೋಕೆ ಅಂತಲೇ ಹೊರದೇಶಕ್ಕೆ ಹೋಗಿ ತಿಂಗಳುಗಟ್ಟಲೆ ಕೂತ ಅಧಿಕಾರಿಗಳು ಹಿಂದೆ ಇದ್ದರು. ಅವರು ಮನೆಗೆ ಬರೆದ ಕಾಗದ, ಇಟ್ಟುಕೊಂಡ ಟಿಪ್ಪಣಿಗಳ ಬಗ್ಗೆ ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಂಡಿಲ್ಲ. ಅದರ ಬಗ್ಗೆಯೇ ಈ ಪತ್ರ.

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಹೆಸರು ಅರ್ಥಶಾಸ್ತ್ರ ಓದಿದವರಿಗೆಲ್ಲ ಗೊತ್ತು. ಕೆಲಸ ಶುರು ಮಾಡಿದ್ದು ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ, 1906ರಲ್ಲಿ. ಮೊದಲನೇ ಮಹಾಯುದ್ಧ ಮುಗಿದ ಮೇಲೆ ನಡೆದ 1919ರ ಪ್ಯಾರಿಸ್ ಶಾಂತಿ ಸಮ್ಮೇಳನಕ್ಕೆ ಹೋಗಿದ್ದು ಬ್ರಿಟನ್ನಿನ ಹಣಕಾಸು ಇಲಾಖೆಯ ಪ್ರತಿನಿಧಿಯಾಗಿ. ಜರ್ಮನಿಯಿಂದ 200 ಕೋಟಿ ಪೌಂಡ್ ಬಂದರೆ ಅದೇ ದೊಡ್ಡದು ಅನ್ನುವುದು ಅವರ ಇಲಾಖೆಯ ಲೆಕ್ಕವಾಗಿತ್ತು. ಬ್ರಿಟನ್ನೇ ನೇಮಿಸಿದ್ದ, ಆಸ್ಟ್ರೇಲಿಯಾದ ಪ್ರಧಾನಿ ಹ್ಯೂಸ್ ಅವರ ಸಮಿತಿ ಹೇಳಿದ್ದು 2,400 ಕೋಟಿ ಪೌಂಡ್! ಒಂದೇ ಸರ್ಕಾರಕ್ಕೆ ಬಂದ ಎರಡು ಲೆಕ್ಕಗಳ ನಡುವೆ ಹನ್ನೆರಡು ಪಟ್ಟು ವ್ಯತ್ಯಾಸ. ಇದೆಲ್ಲ ಸರ್ಕಾರಿ ಕಡತದಲ್ಲೇ ಸಿಗುತ್ತದೆ, ಸರಿ. ಆದರೆ ಆ ವರ್ಷ ಮಾರ್ಚ್‌ನಲ್ಲಿ ಬೆಲ್ಜಿಯಂನ ಸ್ಪಾ ಅನ್ನುವ ಊರಲ್ಲಿ ಏನಾಯಿತು ಅನ್ನುವುದು ಕಡತದಲ್ಲಿ ಪೂರ್ತಿ ಇಲ್ಲ. ಯುದ್ಧ ನಿಂತಿದ್ದರೂ ಜರ್ಮನಿಗೆ ಹಾಕಿದ್ದ ದಿಗ್ಬಂಧನ ಸಡಿಲವಾಗಿರಲಿಲ್ಲ, ಅಲ್ಲಿನ ಜನ ಊಟಕ್ಕೆ ಪರದಾಡುತ್ತಿದ್ದರು. ಹಡಗು ಕೊಟ್ಟರೆ ಆಹಾರ ಕೊಡುತ್ತೇವೆ ಅಂತ ಗೆದ್ದವರು, ಆಹಾರದ ಭರವಸೆ ಸಿಗದೆ ಹಡಗು ಕೊಡೋದು ಹೇಗೆ ಅಂತ ಜರ್ಮನ್ನರು. ಮಾತುಕತೆ ಅಲ್ಲಿಗೇ ನಿಂತುಹೋಯಿತು. ಶತ್ರುದೇಶದವರ ಜೊತೆ ಖಾಸಗಿಯಾಗಿ ಮಾತಾಡುವ ಹಾಗೇ ಇರಲಿಲ್ಲ. ಆದರೂ ಕೇನ್ಸ್ ತಮ್ಮ ಕಡೆಯ ಅಡ್ಮಿರಲ್‌ ಹತ್ತಿರ ಒಪ್ಪಿಗೆ ಕೇಳಿ, ಜರ್ಮನ್ ಕಡೆಯ ಬ್ಯಾಂಕರ್ ಕಾರ್ಲ್ ಮೆಲ್ಕಿಯೋರ್ ಅವರನ್ನು ಪಕ್ಕಕ್ಕೆ ಕರೆದು ಮಾತಾಡಿದರು. ನಂಬಿ, ದಾರಿ ಹುಡುಕೋಣ ಅಂತ ಬೇಡಿಕೊಂಡರು. ಆ ಹೊತ್ತಿನಲ್ಲಿ ತಮಗೆ ಮೈ ನಡುಗುತ್ತಿತ್ತು ಅಂತಲೂ ಬರೆದುಕೊಂಡಿದ್ದಾರೆ. ಅಲ್ಲಿ ಕೆಲಸ ಆಗಲಿಲ್ಲ. ಕೆಲವೇ ದಿನಗಳಲ್ಲಿ ಬ್ರಸೆಲ್ಸ್‌ನಲ್ಲಿ ಒಪ್ಪಂದವಾಗಿ ಆಹಾರದ ದಾರಿ ತೆರೆಯಿತು.

ಇದು ನಮಗೆ ಗೊತ್ತಾಗಿದ್ದು ಹೇಗೆ? ಕೇನ್ಸ್ ಇದನ್ನು ಬರೆದು ಆಪ್ತ ಗೆಳೆಯರ ಮುಂದೆ ಓದಿದ್ದರು ಅಷ್ಟೇ. ಅಚ್ಚಾಗಿದ್ದು 1949ರಲ್ಲಿ, ಅವರು ತೀರಿಕೊಂಡ ಮೇಲೆ. ಅಮ್ಮನಿಗೆ, ಗೆಳೆಯರಿಗೆ ಪ್ಯಾರಿಸ್ಸಿನಿಂದ ಬರೆದ ಕಾಗದಗಳೂ ಉಳಿದಿವೆ. ಜರ್ಮನಿಯ ಜೊತೆಗಿನ ಈ ಶಾಂತಿ ಒಪ್ಪಂದ ಅನ್ಯಾಯ, ಇಲ್ಲಿ ಇರಲಾರೆ ಅಂತ ಮೇ ತಿಂಗಳಲ್ಲೇ ಅವರು ಒದ್ದಾಡುತ್ತಿದ್ದದ್ದು ಆ ಕಾಗದಗಳಲ್ಲಿ ಕಾಣುತ್ತದೆ, ಜೂನ್‌ನಲ್ಲಿ ಕೆಲಸ ಬಿಟ್ಟೇಬಿಟ್ಟರು. ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜು ಅವರ ಖಾಸಗಿ ಕಾಗದಗಳನ್ನು ಇವತ್ತಿಗೂ ಜೋಪಾನ ಮಾಡಿಕೊಂಡು ಬಂದಿದೆ. 1921ರಲ್ಲಿ ಜರ್ಮನಿಯ ಮೇಲೆ ಹೊರಿಸಿದ್ದು 13,200 ಕೋಟಿ ಚಿನ್ನದ ಮಾರ್ಕ್, ಆ ಬಾಬ್ತಿಗೆ ಎತ್ತಿದ ಸಾಲದ ಕೊನೆಯ ಕಂತು ಕಟ್ಟಿದ್ದು 2010ರ ಅಕ್ಟೋಬರ್ 3ರಂದು. ಅಷ್ಟು ದೂರ ಬಂದ ತೀರ್ಮಾನ ಹುಟ್ಟುವಾಗ ಒಳಗಿದ್ದವರ ಮನಸ್ಸಲ್ಲಿ ಏನಿತ್ತು ಅಂತ ತಿಳಿಯುವುದು ಬೇಡವೇ?

ಇದು ಇಂಗ್ಲೆಂಡಿನ ಕಥೆ, ನಮಗೇನು ಅನ್ನಬೇಡಿ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರ ಜನವರಿಯ ಪ್ಯಾರಿಸ್ ಒಪ್ಪಂದದಲ್ಲಿ ಜರ್ಮನಿಯ ಪರಿಹಾರ ಹಂಚಿಕೊಂಡ 18 ದೇಶಗಳಲ್ಲಿ ಭಾರತವೂ ಇತ್ತು, ಇನ್ನೂ ಸ್ವಾತಂತ್ರ್ಯವೇ ಬಂದಿರಲಿಲ್ಲ. ಕಾರ್ಖಾನೆಗಳ ಯಂತ್ರ ಮತ್ತು ಹಡಗುಗಳಲ್ಲಿ ನಮ್ಮ ಪಾಲು ಶೇ 2.9, ಉಳಿದದ್ದರಲ್ಲಿ ಶೇ 2. ಹಂಚುವ ಕಚೇರಿ ಬ್ರಸೆಲ್ಸ್‌ನಲ್ಲಿತ್ತು. ಯಂತ್ರಗಳ ಪಟ್ಟಿ ನೋಡಿ ಇದು ನಮಗೆ ಬೇಕು, ಅದು ಬೇಡ ಅಂತ ಹೇಳಿದ ಭಾರತದ ಅಧಿಕಾರಿಗಳೂ ಚಳಿಯಲ್ಲಿ ಕೂತು ಮನೆಗೆ ಕಾಗದ ಬರೆದಿರುತ್ತಾರೆ, ಅಲ್ವಾ?

ಜಪಾನಿನ ವಿಷಯದಲ್ಲಿ ನಾವು ನಡೆದ ದಾರಿ ಬೇರೆ. ಜಪಾನಿನ ಜೊತೆ ಶಾಂತಿ ಒಪ್ಪಂದ ಮಾಡಿಕೊಳ್ಳಲು ನಡೆದ 1951ರ ಸ್ಯಾನ್ ಫ್ರಾನ್ಸಿಸ್ಕೋ ಸಮ್ಮೇಳನಕ್ಕೆ ಭಾರತ ಹೋಗಲೇ ಇಲ್ಲ. 1952ರ ಜೂನ್ 9ರಂದು ಬೇರೆಯೇ ಒಪ್ಪಂದ ಮಾಡಿಕೊಂಡು, ಪರಿಹಾರ ಬೇಡ ಅಂತ ಬಿಟ್ಟುಕೊಟ್ಟಿತು. ಅದಕ್ಕೂ ಮೊದಲು, 1947-48ರಲ್ಲಿ, ಟೋಕಿಯೋದ ಭಾರತೀಯ ಮಿಷನ್ನಿನ, ಅಂದರೆ ಅಲ್ಲಿದ್ದ ಭಾರತದ ಪ್ರತಿನಿಧಿ ಕಚೇರಿಯ, ಮುಖ್ಯಸ್ಥರಾಗಿದ್ದವರು ನಮ್ಮ ಕರಾವಳಿ ಮೂಲದ ಬೆನಗಲ್ ರಾಮರಾವ್, ಆಮೇಲೆ ರಿಸರ್ವ್ ಬ್ಯಾಂಕ್ ಗವರ್ನರ್ ಆದವರು. ಬಾಂಬು ಬಿದ್ದು ಸುಟ್ಟ ಟೋಕಿಯೋವನ್ನು ದಿನಾ ಕಣ್ಣಾರೆ ನೋಡುತ್ತಿದ್ದ ನಮ್ಮವರಿಗೆ, ಈ ದೇಶದಿಂದ ದುಡ್ಡು ಕೇಳಬೇಕೋ ಬೇಡವೋ ಅನ್ನುವ ಬಗ್ಗೆ ಏನನ್ನಿಸಿತ್ತು? ಒಪ್ಪಂದದ ಕಲಮು ಓದಿದರೆ ಅದು ತಿಳಿಯುವುದಿಲ್ಲ. ಇಂಥದ್ದನ್ನು ಹೇಳುವುದು ಮನೆಗೆ ಬರೆದ ಕಾಗದ, ಡೈರಿ, ಗೆಳೆಯರ ಜೊತೆಗಿನ ಪತ್ರವ್ಯವಹಾರ.

ನಮ್ಮಲ್ಲಿ ಇವು ಎಲ್ಲಿ ಹೋಗುತ್ತವೆ ಅಂತ ನೋಡಿದ್ದೇನೆ. ನಮ್ಮ ಬೀದಿಯಲ್ಲಿ ವಿದೇಶದಲ್ಲಿ ಕೆಲಸ ಮಾಡಿ ಬಂದ ನಿವೃತ್ತ ಅಧಿಕಾರಿಯೊಬ್ಬರು ತೀರಿಕೊಂಡ ಮೇಲೆ ಮನೆ ಖಾಲಿ ಮಾಡಿದರು. ಗುಜರಿಯವನ ತಕ್ಕಡಿಯಲ್ಲಿ ಹಳೇ ಪೇಪರ್ ಜೊತೆಗೆ ಟ್ವೈನ್ ದಾರ ಕಟ್ಟಿದ ನೀಲಿ ಏರೋಗ್ರಾಮ್ ಕಟ್ಟುಗಳು, ಟೈಪ್ ಮಾಡಿದ ಟಿಪ್ಪಣಿಗಳ ಕಾರ್ಬನ್ ಪ್ರತಿಗಳು. ಮಕ್ಕಳದ್ದು ತಪ್ಪು ಅನ್ನಲಾರೆ. ಯಾರಿಗೆ ಕೊಡಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಅದಕ್ಕೇ ಅಧಿಕಾರಿಗಳ ಕುಟುಂಬದವರಲ್ಲಿ ಕೈಮುಗಿದು ಕೇಳುತ್ತೇನೆ. ವಿದೇಶದಲ್ಲಿ ಕೆಲಸ ಮಾಡಿದ ಅಜ್ಜನದೋ ಅಪ್ಪನದೋ ಟ್ರಂಕು ಅಟ್ಟದ ಮೇಲಿದ್ದರೆ ಸುಮ್ನೆ ಎಸೆಯಬೇಡಿ. ಚೆನ್ನಾಗಿ ಜೋಡಿಸೋಣ ಅಂತ ಕಟ್ಟುಗಳನ್ನು ಬಿಚ್ಚಿ ಬೆರೆಸಲೂ ಬೇಡಿ, ಅವರು ಇಟ್ಟ ಕ್ರಮವೇ ಎಷ್ಟೋ ಹೇಳುತ್ತದೆ. ಫೋಟೋ ಹಿಂದೆ ಪೆನ್ಸಿಲ್‌ನಲ್ಲಿ ಯಾರು ಯಾರು ಅಂತ ಬರೆದಿಡಿ, ಗುರುತಿಸುವವರು ಮನೆಯಲ್ಲಿ ಇರುವಾಗಲೇ. ಮನೆಯ ಗುಟ್ಟಿನ ಕಾಗದ ಇದ್ದರೆ ಇಷ್ಟು ವರ್ಷ ಯಾರಿಗೂ ತೋರಿಸಬೇಡಿ ಅಂತ ಷರತ್ತು ಹಾಕಿ ಕೊಡಬಹುದು, ಅದರಲ್ಲಿ ತಪ್ಪೇನಿಲ್ಲ. ದೆಹಲಿಯ ತೀನ್ ಮೂರ್ತಿ ಭವನದ ಗ್ರಂಥಾಲಯ ಇಂಥ ಖಾಸಗಿ ಕಾಗದಗಳನ್ನು ದಶಕಗಳಿಂದ ಸಂಗ್ರಹಿಸುತ್ತಿದೆ.

ನಮ್ಮ ರಾಜ್ಯ ಪತ್ರಾಗಾರ ಇಲಾಖೆಯೂ ಮನೆಬಾಗಿಲಿಗೆ ಬರಬೇಕು. ನಿವೃತ್ತ ಅಧಿಕಾರಿಗಳ ಸಂಘಗಳ ಜೊತೆ ಸೇರಿ ಮೈಸೂರು, ಮಂಗಳೂರು, ಧಾರವಾಡದಲ್ಲಿ ಒಂದೊಂದು ದಿನ ಶಿಬಿರ ಮಾಡಿ, ತಂದುಕೊಟ್ಟವರಿಗೆ ಒಂದು ರಸೀದಿ ಕೊಟ್ಟರೂ ಸಾಕು. ಯಾರನ್ನು ಕೇಳಬೇಕು, ಯಾವ ಫೋನಿಗೆ ಮಾಡಬೇಕು ಅನ್ನುವ ಪ್ರಕಟಣೆಯನ್ನು ಅವರಿಂದ ಪಡೆದು ನಿಮ್ಮ ಪತ್ರಿಕೆಯಲ್ಲಿ ಹಾಕಿದರೆ ದೊಡ್ಡ ಉಪಕಾರವಾಗುತ್ತದೆ.

– ನಿಮ್ಮ ಓದುಗ, ಮೈಸೂರು