ಮೊದಲು ರಿಪೇರಿಯವರು, ಆಮೇಲೆ ವಾಚು

ರಾಯಚೂರು

ಪ್ರೀತಿಯ ಮಗಳೇ,

ಹಳೆ ವಾಚು ಕೂಡಿಡಲು ಶುರು ಮಾಡುತ್ತೇನೆ ಅಂತ ನೀನು ಕಳಿಸಿದ ಮೂರು ವಾಚುಗಳ ಫೋಟೋ ನೋಡಿದೆ. ಕಿತ್ತಳೆ ಡಯಲ್ಲಿನ ಎಚ್‌ಎಂಟಿ ಪೈಲಟ್ ಬೇಡವ್ವಾ. ಪೈಲಟ್ ಅಂದರೆ ಬಹುಮಟ್ಟಿಗೆ ಕಪ್ಪು ಡಯಲ್ಲು, ಬಿಳಿ ಅಂಕಿ. ಇದರಲ್ಲಿ ನಿಮಿಷದ ಗೆರೆಗಳು ಅಂಚಿಗೆ ಸಮನಾಗಿಲ್ಲ, ಸಣ್ಣಕ್ಷರಗಳು ದಪ್ಪಗೆ ಹರಡಿಕೊಂಡಿವೆ. ಡಯಲ್ಲು ನಿನ್ನೆ ಮಾಡಿದ ಹಾಗೆ ಹೊಳೆಯುತ್ತಿದೆ, ಮುಳ್ಳುಗಳ ಮೇಲಿನ ಬಣ್ಣ ಮಾತ್ರ ಕಂದಿ ಹೋಗಿದೆ. ಹಳೆ ಡಯಲ್ಲಿಗೆ ಮತ್ತೆ ಬಣ್ಣ ಹೊಡೆದು ಅಚ್ಚು ಹಾಕಿದ ಮಾಲು ಇದು. ಡಯಲ್ಲು, ಮುಳ್ಳು ಎರಡೂ ಒಂದೇ ವಯಸ್ಸಿನವಾಗಿ ಕಾಣಬೇಕು. ಮಾಸಿದ್ದರೂ ಅಸಲಿ ಡಯಲ್ಲೇ ಮೇಲು. ಒಮ್ಮೆ ಬಣ್ಣ ಬಿದ್ದ ಡಯಲ್ಲು ಮತ್ತೆ ಅಸಲಿ ಆಗುವುದಿಲ್ಲ.

ಆದರೆ ಎಚ್‌ಎಂಟಿಯಿಂದ ಶುರು ಮಾಡುವ ನಿನ್ನ ವಿಚಾರ ಸರಿ ಇದೆ. 1961ರಲ್ಲಿ ಜಪಾನಿನ ಸಿಟಿಜನ್ ವಾಚು ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ತಯಾರಿಕೆ ಅದು. ಪೈಲಟ್ಟಿನ ಒಳಗಿರುವ 0231 ಅನ್ನುವ ಮಷೀನು 17 ಹರಳಿನದು (ಚಕ್ರಗಳ ಅಚ್ಚು ಸವೆಯದಂತೆ ಕೂರಿಸುವ ಗಟ್ಟಿ ಕಲ್ಲುಗಳು), ಗಂಟೆಗೆ 18,000 ಬಡಿತ. 2016ರಲ್ಲಿ ಸರ್ಕಾರ ಆ ವಾಚು ಕಂಪನಿ ಮುಚ್ಚುವ ತೀರ್ಮಾನ ಮಾಡಿತು, ಈ ಮಷೀನಿಗೆ ಹೊಸ ಬಿಡಿಭಾಗ ಸಿಗುವುದು ಕಷ್ಟ. ಹಾಗಿದ್ದರೂ ಕೆಟ್ಟು ನಿಂತ ಇನ್ನೊಂದು ವಾಚಿನಿಂದ ಬಿಡಿಭಾಗ ತೆಗೆದು ಹಾಕಬಹುದು, ಹಳೆ ರಿಪೇರಿಯವರ ಕೈಗೆ ಈ ಮಷೀನು ಪರಿಚಿತ. ಅದಕ್ಕೇ ಹೇಳುವುದು: ಮೊದಲು ಒಳ್ಳೆ ರಿಪೇರಿಯವರನ್ನು ಗೊತ್ತು ಮಾಡಿಕೋ, ವಾಚು ಆಮೇಲೆ. ಅವರು ಬಿಚ್ಚಲಾರದ ಮಷೀನು ಎಷ್ಟು ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡ.

ಕೈಗೆ ವಾಚು ಬಂದ ಕೂಡಲೇ ಚಾವಿ ಕೊಟ್ಟು ನೋಡು. ಪೂರ್ತಿ ಇಳಿದಿದ್ದರೆ 25–30 ಸುತ್ತಿಗೆ ಬಿಗಿಯಾಗಿ ನಿಲ್ಲಬೇಕು. ಅಲ್ಲಿಗೆ ಬಿಡು, ಒತ್ತಾಯ ಮಾಡಬೇಡ. ನಿಲ್ಲದೆ ತಿರುಗುತ್ತಲೇ ಇದ್ದರೆ ಒಳಗಿನ ಸ್ಪ್ರಿಂಗು ಮುರಿದಿದೆ ಅಥವಾ ಕೊಂಡಿ ಬಿಟ್ಟಿದೆ. ಕೈ ಆಡಿದಂತೆ ತಾನೇ ಚಾವಿ ತುಂಬಿಕೊಳ್ಳುವ ಆಟೋಮ್ಯಾಟಿಕ್ ವಾಚಿನ ಲೆಕ್ಕ ಬೇರೆ. ಅದರ ಸ್ಪ್ರಿಂಗು ತುಂಬಿದ ಮೇಲೆ ಜಾರಿಕೊಳ್ಳುವಂತೆಯೇ ಮಾಡಿರುತ್ತಾರೆ, ಅದು ದೋಷವಲ್ಲ. ಆಮೇಲೆ ಚಾವಿ ಹೊರಗೆಳೆದು ಮುಳ್ಳು ತಿರುಗಿಸು. ಸ್ವಲ್ಪ ಬಿಗಿ ಇರಬೇಕು. ಬೆಣ್ಣೆಯಲ್ಲಿ ಹೋದ ಹಾಗೆ ಹೋದರೆ ನಿಮಿಷದ ಮುಳ್ಳು ಹಿಡಿದಿರುವ ನಡುವಿನ ಪಿನಿಯನ್ ಸಡಿಲ: ಟಿಕ್ ಟಿಕ್ ಕೇಳುತ್ತಿರುತ್ತದೆ, ಮುಳ್ಳು ಮಾತ್ರ ಹಿಂದೆ ಬೀಳುತ್ತದೆ. ಇದು ಸಣ್ಣ ರಿಪೇರಿ, ಇದಕ್ಕಾಗಿ ವಾಚು ಬಿಡಬೇಡ.

ಬಿಡಬೇಕಾದದ್ದು ತುಕ್ಕು ಹಿಡಿದದ್ದನ್ನು. ಹಿಂಬದಿ ಕವರ್ ತೆಗೆಸಿ, 10 ಪಟ್ಟು ದೊಡ್ಡದು ಮಾಡುವ ಲೂಪಿನಲ್ಲಿ ಚಾವಿ ಒಳಹೋಗುವ ಜಾಗ ನೋಡು. ಬೆವರು, ನೀರು ಮೊದಲು ಇಳಿಯುವುದೇ ಅಲ್ಲಿ. ಸ್ಕ್ರೂ ತಲೆಗಳು ಕಿತ್ತು ಹೋಗಿದ್ದರೆ ಕಂಡಕಂಡವರು ಕೈ ಹಾಕಿದ್ದಾರೆ ಅಂತ ಅರ್ಥ. ಹಿಂದೆ ಮುಂದೆ ತಿರುಗುತ್ತಾ ವಾಚಿನ ಓಟ ಅಳೆಯುವ ಬ್ಯಾಲೆನ್ಸ್ ಚಕ್ರ ಅತ್ತಿತ್ತ ಓಲಾಡದೆ ಸಮತಟ್ಟಾಗಿ ಆಡಬೇಕು. ಹಳೆ ಎಚ್‌ಎಂಟಿ ಕೇಸುಗಳಲ್ಲಿ ಹಲವು ಹಿತ್ತಾಳೆಯ ಮೇಲೆ ಕ್ರೋಮ್ ಲೇಪಿಸಿದವು. ಬೆವರಿಗೆ ಲೇಪ ಎದ್ದು ಗುಂಡಿ ಬಿದ್ದರೆ ತಿಕ್ಕಿ ಸರಿ ಮಾಡಲಾಗದು. ಗ್ಲಾಸಿನ ಗೀರು ಚಿಂತೆ ಅಲ್ಲ, ಅಕ್ರಿಲಿಕ್ ಆದರೆ ಪಾಲಿಶಿಗೆ ಹೋಗುತ್ತದೆ.

ಹಳೆ ಮಷೀನು ದಿನಕ್ಕೆ 30 ಸೆಕೆಂಡು ಹೆಚ್ಚುಕಡಿಮೆ ಆದರೆ ಒಪ್ಪಿಕೋ. ಚೆನ್ನಾಗಿದ್ದದ್ದು ಇದ್ದಕ್ಕಿದ್ದಂತೆ ದಿನಕ್ಕೆ ಐದು, ಹತ್ತು ನಿಮಿಷ ಮುಂದೆ ಓಡಿದರೆ ಆಯಸ್ಕಾಂತದ ಗುಣ ಹತ್ತಿರಬಹುದು. ಕೂದಲೆಳೆಯಂಥ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿ, ಅದರ ಉದ್ದವೇ ಕಡಿಮೆ ಆದಂತಾಗಿ ಓಟ ಹೆಚ್ಚುತ್ತದೆ. ನಿನ್ನ ಬ್ಯಾಗಿನ ಆಯಸ್ಕಾಂತದ ಗುಂಡಿ, ಸ್ಪೀಕರು, ಇವುಗಳ ಹತ್ತಿರ ಇಡಬೇಡ. ಆ ಗುಣ ತೆಗೆಯುವ ಸಣ್ಣ ಯಂತ್ರ ರಿಪೇರಿಯವರ ಬಳಿ ಇರುತ್ತದೆ, ಕೆಲವು ಸೆಕೆಂಡಿನ ಕೆಲಸ.

ಊರಿಗೆ ತಂದಾಗ ಧೂಳಿನ ಮೇಲೆ ಕಣ್ಣಿರಲಿ. ಇಲ್ಲಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ಅಕ್ಕಿ ಗಿರಣಿಯ ಹೊಟ್ಟು, ಹತ್ತಿಯ ನವಿರು. ಸಂಡೂರಿನ ಕಡೆ ಹೋದರಂತೂ ಅದಿರಿನ ಕೆಂಪು ಧೂಳು. ಗ್ಲಾಸಿನ ಅಂಚಿನಿಂದ ಒಳಗೆ ಇಳಿದ ಧೂಳು ಎಣ್ಣೆ ಜೊತೆ ಕಲೆತು ಉಜ್ಜುವ ಪೇಸ್ಟಿನಂತಾಗಿ ಚಕ್ರಗಳ ಅಚ್ಚಿನ ತುದಿ ಸವೆಸುತ್ತದೆ. ಶಾಖಕ್ಕೆ ಎಣ್ಣೆ ಹರಿದು ಹೋಗುತ್ತದೆ, ಉಳಿದದ್ದು ಅಂಟಾಗುತ್ತದೆ. ಅದಕ್ಕೇ ‘ನಡೆಯುತ್ತಿದೆಯಲ್ಲ’ ಅಂತ ಬಿಡಬಾರದು. ಎಣ್ಣೆ ಒಣಗಿದ ಮೇಲೂ ವಾಚು ನಡೆಯುತ್ತದೆ, ಸವೆಯುತ್ತಾ ನಡೆಯುತ್ತದೆ. ನಾಲ್ಕೈದು ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿ ತೊಳೆದು ಎಣ್ಣೆ ಹಾಕಿಸಬೇಕು. ಮೇಲಿಂದ ಒಂದು ಹನಿ ಬಿಡುವುದು ಸರ್ವೀಸ್ ಅಲ್ಲ. ಹತ್ತು ವಾಚು ಇಟ್ಟುಕೊಂಡರೆ ವರ್ಷಕ್ಕೆ ಎರಡರ ಸರ್ವೀಸ್ ಬರುತ್ತದೆ ಅಂತ ಲೆಕ್ಕ ಹಿಡಿ. ಆ ಖರ್ಚು ನಿನ್ನ ಸಂಬಳಕ್ಕೆ ಎಷ್ಟು ಹೊರೆ ಆಗುತ್ತದೋ ನೋಡಿ ಸಂಖ್ಯೆ ನಿರ್ಧರಿಸು.

ಹೊಸದರಲ್ಲಿ ಒಂದು ಸೀಕೊ 5 ಸಾಕು, ಜಪಾನಿನ ಆಟೋಮ್ಯಾಟಿಕ್ ವಾಚು ಅದು. 7ಎಸ್26 ಮಷೀನಿನದಕ್ಕೆ ಕೈಯಿಂದ ಚಾವಿ ಕೊಡಲಾಗದು, ಕಟ್ಟಿಕೊಂಡು ಓಡಾಡಿದರೇ ತುಂಬುವುದು; 4ಆರ್36 ಇರುವುದಕ್ಕೆ ಎರಡೂ ಆಗುತ್ತದೆ, ನಿನಗೆ ಇದೇ ಇರಲಿ. ತಾರೀಖು ಮಾತ್ರ ರಾತ್ರಿ 9ರಿಂದ ಬೆಳಗಿನ 4ರ ಒಳಗೆ ಬದಲಿಸಬೇಡ, ಆ ಹೊತ್ತಿಗೆ ತಾರೀಖಿನ ಹಲ್ಲುಗಳು ಕಚ್ಚಿಕೊಂಡಿರುತ್ತವೆ, ಮುರಿಯಬಹುದು. ಸೆಲ್ಲಿನ ವಾಚು ಕಪಾಟಿಗೆ ಹೋಗುವಾಗ ಸೆಲ್ ತೆಗೆಸು. ಸತ್ತ ಸೆಲ್ ಸೋರಿದರೆ ಸರ್ಕ್ಯೂಟು ತಿನ್ನುತ್ತದೆ. ‘30 ಮೀಟರ್’ ಅಂತ ಬರೆದದ್ದು ಕೈ ತೊಳೆಯುವಾಗ ಸಿಡಿಯುವ ಹನಿಗಷ್ಟೇ, ಈಜಿಗಲ್ಲ.

ಉಳಿದ ಎರಡರಲ್ಲಿ ಆ ಮಾಸಿದ ಬಿಳಿ ಡಯಲ್ಲಿನ ಎಚ್‌ಎಂಟಿ ಜನತಾ ನನಗೆ ಹಿಡಿಸಿದೆ. ಮಾರುವವರ ಹತ್ತಿರ ಹಿಂಬದಿ ಕವರ್ ತೆಗೆದ ಒಂದು ಫೋಟೋ, ಗ್ಲಾಸಿನ ಮೇಲೆ ಬೆಳಕು ಬೀಳದ ಹಾಗೆ ಡಯಲ್ಲಿನ ಒಂದು ಫೋಟೋ ಕೇಳು. ಅವು ಬಂದ ಮೇಲೆ ನನಗೆ ಕಳಿಸು, ಅಲ್ಲಿಯವರೆಗೆ ಮುಂಗಡ ಕೊಡಬೇಡ. ಕೊಂಡರೆ ಕಾರ ಹುಣ್ಣಿಮೆಗೆ ಬರುವಾಗ ತಗೊಂಡು ಬಾ, ಇಲ್ಲೇ ಬಿಚ್ಚಿಸೋಣ.

ನಿನ್ನ ಅಪ್ಪ